ಎರಡು ಕಡತಗಳಿಗೆ ಎರಡು ಕಿಟಕಿ

ಗಡಿನಾಡಿನಲ್ಲಿ ಬಾಳುವ ನಮ್ಮಂಥವರ ಮನೆಗೆ ಬರುವ ಸರಕಾರೀ ಕಾಗದವನ್ನು ಎರಡು ಬಾರಿ ಓದಬೇಕಾಗುತ್ತದೆ. ಮೊದಲು ರಾಜ್ಯಭಾಷೆಯಲ್ಲಿ, ಅನಂತರ ಮನೆಮಾತಿನಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಈ ಭಾಗದ ಕನ್ನಡ ಅಧ್ಯಾಪಕರಿಗೆ ಇದೊಂದು ಉಪವೃತ್ತಿಯೇ ಆಗಿಬಿಟ್ಟಿದೆ. ಹಿಂದೆ ಮೂಲದ ಹಾಳೆಯನ್ನು ಎಡಗಡೆಯಲ್ಲೂ ಬರೆಯುವ ಹಾಳೆಯನ್ನು ಬಲಗಡೆಯಲ್ಲೂ ಇರಿಸಿಕೊಂಡು, ಎಡಗೈಯ ಬೆರಳನ್ನು ಸಾಲಿನ ಮೇಲೆ ಸರಿಸುತ್ತ ಈ ಕೆಲಸ ಮಾಡುತ್ತಿದ್ದೆವು. ಈಗ ಎರಡೂ ಗಣಕಯಂತ್ರದ ಪರದೆಯ ಮೇಲಿವೆ. ಆದರೆ ಆ ಎಡ-ಬಲದ ಏರ್ಪಾಡು ತಾನಾಗಿ ದೊರೆಯುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಈ ತಿಂಗಳು ಅದರ ವಿಚಾರ.

ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದರೆ ತೀರಿತಲ್ಲ, ಇದೇನು ಮಹಾ ಸಂಗತಿ ಎಂದು ಕೆಲವರು ಕೇಳಬಹುದು. ಮಲಯಾಳದಲ್ಲಿ ‘ಮುನ್ಪ್’ ಎಂದರೆ ನಮ್ಮ ‘ಮುಂಚೆ’. ಕನ್ನಡದ ಕಿವಿಗೆ ಅದು ‘ಮುಂದೆ’ ಎಂಬುದಕ್ಕೂ ಸಮೀಪವಾಗಿಯೇ ಕೇಳಿಸುತ್ತದೆ. ವಿದ್ಯಾರ್ಥಿವೇತನದ ಅರ್ಜಿಯನ್ನು 15ನೇ ತಾರೀಕಿಗೆ ಮುಂಚೆ ಕೊಡಬೇಕೆಂಬ ಸೂಚನೆ, ನೆನಪಿನ ಬಲದಿಂದ ಕನ್ನಡಕ್ಕೆ ತರುವವರ ಕೈಯಲ್ಲಿ ‘15ರ ಮುಂದೆ’ ಎಂದಾಯಿತೆನ್ನಿ. ಆ ಚೀಟಿಯನ್ನು ನಂಬಿ 16ರಂದು ಶಾಲೆಗೆ ಬರುವ ತಾಯಿಗೆ ಏನು ಸಮಾಧಾನ ಹೇಳೋಣ? ಮೂಲವನ್ನು ಮರೆಮಾಡಿ ಅನುವಾದವನ್ನು ಮುಂದಕ್ಕೆ ತರುವ ಆ ಅರೆಗಳಿಗೆಯಲ್ಲಿ ಕಣ್ಣು ಕಂಡದ್ದನ್ನು ಮನಸ್ಸು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ. ಎರಡೂ ಪಠ್ಯಗಳು ಏಕಕಾಲಕ್ಕೆ ಕಣ್ಣೆದುರಿಗಿದ್ದರೆ ಇಂತಹ ತಪ್ಪು ಅಲ್ಲಿಯೇ ಸಿಕ್ಕಿಬೀಳುವ ಸಂಭವ ಹೆಚ್ಚು.

ವಿಂಡೋಸ್ ಗಣಕಗಳಲ್ಲಿರುವ ನೋಟ್‌ಪ್ಯಾಡ್ ಅನೇಕರಿಗೆ ಪರಿಚಿತ. ಬಹುಕಾಲ ಅದು ಒಂದು ಕಡತಕ್ಕೆ ಒಂದು ಕಿಟಕಿ ಎಂಬ ನಿಯಮವನ್ನೇ ಪಾಲಿಸಿಕೊಂಡು ಬಂದಿತ್ತು. 2023ರಲ್ಲಿ ವಿಂಡೋಸ್ 11ರ ನೋಟ್‌ಪ್ಯಾಡಿಗೆ ಟ್ಯಾಬುಗಳು ಬಂದವು. ದಾಖಲಾತಿ ಪುಸ್ತಕದ ಅಂಚಿಗೆ ಅಂಟಿಸಿದ ಚೀಟಿಗಳಂತೆ ಕಡತಗಳ ಹೆಸರುಗಳು ಮೇಲ್ಗಡೆ ಸಾಲಾಗಿ ನಿಲ್ಲುತ್ತವೆ. ಕಿಟಕಿ ಮಾತ್ರ ಒಂದೇ. ಮೇಜು ಅಚ್ಚುಕಟ್ಟಾಯಿತೆಂಬುದು ನಿಜ. ಆದರೆ ಒಂದು ಪುಟ ತೆರೆದಾಗ ಇನ್ನೊಂದು ಮರೆಯಾಗುತ್ತದೆ. ಲೆಕ್ಕಪತ್ರ ಬರೆಯುವವನಿಗೆ ಇದು ಅನುಕೂಲವಾದೀತು, ಎರಡು ಭಾಷೆಗಳ ನಡುವೆ ದುಡಿಯುವವನಿಗೆ ಅಲ್ಲ.

ಪರಿಹಾರ ಅಲ್ಲಿಯೇ ಇದೆ. ನೋಟ್‌ಪ್ಯಾಡಿನ ಮೇಲ್ಭಾಗದಲ್ಲಿ ಬಲಗಡೆಗೆ ಹಲ್ಲುಚಕ್ರದ ಚಿತ್ರವೊಂದುಂಟು. ಅದನ್ನು ಒತ್ತಿದರೆ ಸೆಟ್ಟಿಂಗ್ಸ್ ಪುಟ ತೆರೆಯುತ್ತದೆ. ಅದರಲ್ಲಿ ‘ಓಪನಿಂಗ್ ಫೈಲ್ಸ್’ ಎಂಬ ಸಾಲನ್ನು ಹುಡುಕಿ, ‘ಓಪನ್ ಇನ್ ಎ ನ್ಯೂ ಟ್ಯಾಬ್’ ಎಂದಿರುವುದನ್ನು ‘ಓಪನ್ ಇನ್ ಎ ನ್ಯೂ ವಿಂಡೋ’ ಎಂದು ಬದಲಿಸಿರಿ. ಅಲ್ಲಿಂದ ಮುಂದೆ ತೆರೆಯುವ ಕಡತಗಳು ತಮ್ಮ ತಮ್ಮ ಕಿಟಕಿಯಲ್ಲಿ ಬರುತ್ತವೆ. ಮೂಲದ ಕಿಟಕಿಯ ಮೇಲೆ ಒಮ್ಮೆ ಒತ್ತಿ, ವಿಂಡೋಸ್ ಚಿಹ್ನೆಯ ಕೀಲಿಯನ್ನೂ ಎಡಬಾಣದ ಕೀಲಿಯನ್ನೂ ಜೊತೆಯಾಗಿ ಅದುಮಿದರೆ ಅದು ಪರದೆಯ ಎಡ ಅರ್ಧಕ್ಕೆ ಸರಿಯುತ್ತದೆ; ಅನುವಾದಕ್ಕೆ ಬಲಬಾಣ. ನಮ್ಮ ಹಳೆಯ ಮೇಜು ಮರಳಿ ದೊರೆತಂತಾಯಿತು. ಸ್ಥಿರವಾದ ಬದಲಾವಣೆ ಬೇಡವೆನ್ನುವವರು ಒಂದು ಟ್ಯಾಬನ್ನು ಮೌಸಿನಿಂದ ಹಿಡಿದು ಹೊರಗೆಳೆದು ಬಿಟ್ಟರೂ ಆ ಹೊತ್ತಿಗೆ ಅದು ಬೇರೆ ಕಿಟಕಿಯಾಗುತ್ತದೆ.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ, 2003ರಿಂದ ಉಚಿತವಾಗಿ ದೊರೆಯುತ್ತಿರುವ ಸಾಧನವೂ ಸಹಜವಾಗಿ ಒಂದೇ ಕಿಟಕಿಯನ್ನು ಬಯಸುವಂಥದು. ಅದರ ಪ್ರಿಫರೆನ್ಸಸ್ ಪುಟದ ‘ಮಲ್ಟಿ-ಇನ್‌ಸ್ಟನ್ಸ್’ ವಿಭಾಗದಲ್ಲಿ ಈ ಸ್ವಭಾವವನ್ನು ಬದಲಿಸಬಹುದು. ಆದರೆ ಸಾಲುಸಾಲಾಗಿ ತಾಳೆ ನೋಡಬೇಕಾದ ಉದ್ದನೆಯ ಪಠ್ಯಕ್ಕೆ ನಾವು ಬೇರೆ ಕಿಟಕಿಯನ್ನು ಹೇಳುವುದಿಲ್ಲ. ಈ ಸಾಧನದಲ್ಲಿ ಒಂದೇ ಕಿಟಕಿಯನ್ನು ಎರಡು ಪಾಲು ಮಾಡಿ, ‘ವ್ಯೂ’ ಪಟ್ಟಿಯಲ್ಲಿರುವ ಏರ್ಪಾಡಿನಿಂದ ಎರಡೂ ಪಾಲುಗಳನ್ನು ಜೊತೆಯಾಗಿ ಸರಿಸಲು ಬರುತ್ತದೆ. ಎಡಗಡೆ ನಲುವತ್ತನೆಯ ಸಾಲಿಗೆ ಇಳಿದರೆ ಬಲಗಡೆಯೂ ಅಷ್ಟೇ ಇಳಿಯುತ್ತದೆ. ಬೇರೆ ಬೇರೆ ಕಿಟಕಿಗಳಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ಪ್ರತಿಯೊಂದನ್ನೂ ನಾವೇ ಸರಿಸಬೇಕು.

ಕೇರಳದ ಶಾಲೆಗಳಲ್ಲಿ ಕಲಿಯುವ ಮಕ್ಕಳಿಗೆ ಲಿನಕ್ಸ್ ಹೊಸತಲ್ಲ. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ, 2017ರಲ್ಲಿ ಕೈಟ್ ಎಂಬ ಸರಕಾರೀ ಸಂಸ್ಥೆಯಾಗಿ, ಮುಕ್ತ ತಂತ್ರಾಂಶವನ್ನೇ ಶಾಲೆಗಳಲ್ಲಿ ನೆಲೆಗೊಳಿಸಿದೆ. ಲಿನಕ್ಸಿನ ಜಿ-ಎಡಿಟ್‌ನಲ್ಲಿಯೂ ಟ್ಯಾಬನ್ನು ಹೊರಗೆಳೆದರೆ ಹೊಸ ಕಿಟಕಿ ಸಿಗುತ್ತದೆ. ಈ ಮಾತಿನಲ್ಲಿ ಮಕ್ಕಳೇ ಹಿರಿಯರಿಗೆ ಗುರುಗಳಾಗಲಿ.

ಇಲ್ಲಿ ಶಬ್ದಪ್ರಿಯರಿಗೆ ಒಂದು ಸ್ವಾರಸ್ಯ. ಇಮ್ಯಾಕ್ಸ್ ಎಂಬ ಹಿರಿಯ ಸಾಧನ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಎಂಐಟಿಯಲ್ಲಿ. ಪರದೆಯನ್ನು ಪಾಲು ಮಾಡಿದಾಗ ದೊರೆಯುವ ಒಂದೊಂದು ಭಾಗಕ್ಕೂ ಅದು ‘ವಿಂಡೋ’ ಎಂದು ಹೆಸರಿಟ್ಟಿತು. ಇಂದು ಜಗತ್ತೆಲ್ಲ ವಿಂಡೋ ಎನ್ನುವುದಕ್ಕೆ ಅದರ ಭಾಷೆಯಲ್ಲಿ ‘ಫ್ರೇಮ್’, ಅಂದರೆ ಚೌಕಟ್ಟು. ಕಂಟ್ರೋಲ್-ಎಕ್ಸ್, 4, ಎಫ್ ಎಂದು ಕ್ರಮವಾಗಿ ಒತ್ತಿದರೆ ಕಡತವು ಇನ್ನೊಂದು ಪಾಲಿನಲ್ಲಿ ತೆರೆಯುತ್ತದೆ; 4ರ ಬದಲು 5 ಒತ್ತಿದರೆ ಬೇರೆಯೇ ಚೌಕಟ್ಟಿನಲ್ಲಿ. ಒಂದೇ ಕಡತವನ್ನು ಎರಡು ಚೌಕಟ್ಟುಗಳಲ್ಲಿ ತೆರೆದು ಇಲ್ಲಿ ತಿದ್ದಿದರೆ ಅಲ್ಲಿಯೂ ತಿದ್ದುಪಡಿ ಕಾಣಿಸುತ್ತದೆ.

ಎಲ್ಲ ಸಾಧನಗಳಿಂದಲೂ ಈ ಸೌಜನ್ಯವನ್ನು ನಿರೀಕ್ಷಿಸಲಾಗದು. ಒಂದೇ ಕಡತ ಎರಡು ಕಡೆ ತೆರೆದುಕೊಂಡು, ಬೆಳಗ್ಗೆ ಒಂದರಲ್ಲಿ ತಿದ್ದಿ ಸಂಜೆ ಇನ್ನೊಂದರಲ್ಲಿ ಉಳಿಸಿದರೆ, ಕೊನೆಗೆ ಉಳಿಸಿದ್ದೇ ಉಳಿದು ಬೆಳಗಿನ ಶ್ರಮ ಅಳಿಸಿಹೋಗಬಹುದು. ಆದುದರಿಂದ ಕಡತಗಳ ಹೆಸರುಗಳಲ್ಲಿಯೇ ಭೇದವಿರಲಿ: ಒಂದಕ್ಕೆ ‘ಸೂಚನೆ-ಮಲಯಾಳ’, ಇನ್ನೊಂದಕ್ಕೆ ‘ಸೂಚನೆ-ಕನ್ನಡ’. ಕಿಟಕಿಯ ನೆತ್ತಿಯ ಮೇಲೆ ಕಾಣುವುದು ಆ ಹೆಸರೇ. ಮನೆಮಂದಿಯೆಲ್ಲ ಒಂದೇ ಗಣಕವನ್ನು ಬಳಸುವುದಾದರೆ, ಮೇಲೆ ಹೇಳಿದ ಬದಲಾವಣೆಯನ್ನು ಮಾಡಿದ ದಿನವೇ ಉಳಿದವರಿಗೂ ತಿಳಿಸಿರಿ. ಟ್ಯಾಬುಗಳೆಲ್ಲಿ ಹೋದುವೆಂದು ಅವರು ಹುಡುಕುತ್ತ ಕೂರಬಾರದು.