ಕಂಪ್ಯೂಟರಿಗೆ ಕೊಡುವಾಗಲೇ ತಾಳೆ ನೋಡಿ

ನಮ್ಮ ಹೊಟೇಲುಗಳಲ್ಲಿ ಕಿರ್ದಿ ಪುಸ್ತಕ ಹೋಗಿ ಕಂಪ್ಯೂಟರ್ ಬಂದು ವರ್ಷಗಳೇ ಆದವು. ಗಲ್ಲಾದ ಬಿಲ್ಲು, ಸ್ಟೋರಿನ ದಾಸ್ತಾನು, ಜಿಎಸ್‌ಟಿ ಲೆಕ್ಕ ಎಲ್ಲವೂ ಅದರಲ್ಲೇ. ಇದರೊಂದಿಗೆ "ಕಂಪ್ಯೂಟರ್ ಹೇಳಿದ ಮೇಲೆ ಸರಿಯೇ" ಎಂಬ ನಂಬಿಕೆಯೂ ಬಂದಿದೆ. ಇದು ಅಪಾಯಕಾರಿ. ಕಂಪ್ಯೂಟರ್ ಕೂಡಿಸುವುದರಲ್ಲಿ ತಪ್ಪದು. ಆದರೆ ನಾವು ಕೊಟ್ಟ ಅಂಕಿ ಸರಿಯೇ ಎಂದು ತಾನಾಗಿ ಕೇಳದು.

25 ಕಿಲೋ ಉದ್ದಿನಬೇಳೆ ಬಂದಾಗ ಕೈತಪ್ಪಿ 250 ಎಂದು ಒತ್ತಿದರೆ, ತಿಂಗಳ ಕೊನೆಗೆ 225 ಕಿಲೋ ಕೊರತೆ ಕಾಣುತ್ತದೆ. ಆಗ ಸಂಶಯ ಬರುವುದು ಊರಿನಿಂದ ನಮ್ಮನ್ನು ನಂಬಿ ಬಂದ ಸ್ಟೋರಿನ ಹುಡುಗನ ಮೇಲೆ. ಅವನನ್ನು ಕೆಲಸದಿಂದ ತೆಗೆದರೆ ಕಳ್ಳನೆಂಬ ಹೆಸರೂ ಅವನ ಜೊತೆ ಊರಿಗೆ ಹೋಗುತ್ತದೆ. ಆದ್ದರಿಂದ ಇದು ಬರೇ ಆಡಿಟರಿಗೆ ಸೇರಿದ ವಿಷಯವಲ್ಲವೆಂದು ನಮ್ಮ ಅಭಿಪ್ರಾಯ.

ಅಂಕಿ ಒಳಗೆ ಹೋಗುವ ಬಾಗಿಲಲ್ಲೇ ಕಾವಲು ಇರಬೇಕು. ಮೊದಲನೆಯದಾಗಿ, ಪ್ರತಿಯೊಂದು ಸಾಮಾನಿಗೂ ಒಂದು ಸಲಕ್ಕೆ ಬರಬಹುದಾದ ಗರಿಷ್ಠ ಪ್ರಮಾಣ ಮತ್ತು ದರವನ್ನು ನಿಗದಿ ಮಾಡಿ. ಮೀರಿದರೆ ಕಂಪ್ಯೂಟರ್ ತಡೆಯಲಿ. ಎರಡನೆಯದಾಗಿ, ದಿನದ ಖರೀದಿ ಬಿಲ್ಲುಗಳನ್ನು ಎಣಿಸಿ, ಮೊತ್ತವನ್ನು ಬೇರೆಯಾಗಿ ಕೂಡಿಸಿಟ್ಟು, ಎಂಟ್ರಿ ಮುಗಿದ ಮೇಲೆ ತಾಳೆ ನೋಡಿ. ಮೂರನೆಯದಾಗಿ, ಕೆಓಟಿಗಳಿಗೆ ಕ್ರಮಸಂಖ್ಯೆ ಇರಲಿ. ಪ್ರತಿಯೊಂದು ಕೆಓಟಿಯೂ ಬಿಲ್ಲಿಗೆ ಸೇರಿರಬೇಕು, ಇಲ್ಲವೇ ರದ್ದಾದ ಕಾರಣ ದಾಖಲಾಗಿರಬೇಕು. ನಾಲ್ಕನೆಯದಾಗಿ, ಒಬ್ಬೊಬ್ಬರಿಗೂ ಅವರದೇ ಪಾಸ್‌ವರ್ಡ್ ಕೊಡಿ. ಬಿಲ್ಲು ರದ್ದು ಮಾಡಲು ಗಲ್ಲಾದವರಲ್ಲದೆ ಇನ್ನೊಬ್ಬರ ಒಪ್ಪಿಗೆಯೂ ಬೇಕು.

ಕಂಪನಿಗಳಿಗೆ ಕ್ಯಾಟರಿಂಗ್ ಬಿಲ್ಲು ಮಾಡುವಾಗ ಅವರ ಜಿಎಸ್‌ಟಿ ನಂಬರನ್ನೂ ನೋಡಬೇಕು. ಅದರ 15 ಸ್ಥಾನಗಳಲ್ಲಿ ಮೊದಲ ಎರಡು ರಾಜ್ಯದ್ದು - ಮಹಾರಾಷ್ಟ್ರಕ್ಕೆ 27, ತಮಿಳುನಾಡಿಗೆ 33. ಮುಂದಿನ 10 ಪಾನ್ ನಂಬರು. ಕೊನೆಯದು ತಾಳೆ ನೋಡಲೆಂದೇ ಇರುವ ಅಕ್ಷರ ಅಥವಾ ಅಂಕಿ. ಒಂದು ಅಂಕಿ ತಪ್ಪಾಗಿ ಒತ್ತಿದರೆ ಅದು ತಾಳೆಯಾಗದು. ಆದರೆ ಬೇರೆ ಕಂಪನಿಯ ಸರಿಯಾದ ನಂಬರು ಹಾಕಿದರೆ ಈ ಲೆಕ್ಕಕ್ಕೆ ಸಿಕ್ಕಿಬೀಳದು. ಅದಕ್ಕೆ ಹೆಸರನ್ನೂ ನೋಡಲೇಬೇಕು.

ಕಂಪನಿ ಕಾಯಿದೆಯಡಿ ನೋಂದಾಯಿತ ಸಂಸ್ಥೆಗಳು ಬಳಸುವ ಲೆಕ್ಕದ ಸಾಫ್ಟ್‌ವೇರಿನಲ್ಲಿ, ಪ್ರತಿ ಬದಲಾವಣೆಯೂ ತಾರೀಕಿನೊಂದಿಗೆ ದಾಖಲಾಗಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಪಾಲುದಾರಿಕೆ ಅಥವಾ ಸ್ವಂತ ಹೆಸರಿನಲ್ಲಿ ನಡೆಯುವ ಹೊಟೇಲುಗಳಿಗೆ ಈ ನಿಯಮ ಅನ್ವಯಿಸದು. ಆದರೂ ಒಳ್ಳೆಯದನ್ನು ಅನುಸರಿಸಲು ಕಾಯಿದೆಯ ಒತ್ತಾಯವೇ ಬೇಕೇ?

"ಗಲ್ಲಾದಲ್ಲಿ ಇರುವುದು ನಮ್ಮವರೇ, ಇದೆಲ್ಲ ಅವರ ಮೇಲೆ ಅಪನಂಬಿಕೆಯಲ್ಲವೇ?" ಎಂದು ಕೆಲವರು ಕೇಳಬಹುದು. ನಾವು ಒಪ್ಪುವುದಿಲ್ಲ. ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುವಲ್ಲಿ ತಪ್ಪಾದರೆ ಎಲ್ಲರೂ ಸಂಶಯಕ್ಕೆ ಗುರಿ. ಯಾರು, ಯಾವಾಗ, ಏನು ಒತ್ತಿದರೆಂದು ದಾಖಲೆಯಿದ್ದರೆ ಪ್ರಾಮಾಣಿಕನಿಗೆ ಅದೇ ರಕ್ಷೆ. ರಶ್ಶಿನ ಹೊತ್ತಿನಲ್ಲಿ ಸಮಯವಿಲ್ಲ ಎಂಬ ಮಾತೂ ನಿಲ್ಲದು. ಮಿತಿಯನ್ನು ಒಮ್ಮೆ ಹಾಕಿಟ್ಟರೆ ಕಾಯುವ ಕೆಲಸ ಕಂಪ್ಯೂಟರಿನದೇ. ದರ ಏರಿದಾಗ ಮಾತ್ರ ತಿದ್ದಿಕೊಂಡರಾಯಿತು.

ಮಾಲಕ ಬಂಧುಗಳೇ, ಈ ವಾರವೇ ನಿಮ್ಮ ಸಾಫ್ಟ್‌ವೇರಿನವರನ್ನು ಕರೆಸಿ, ನಿಮ್ಮ ಎದುರಿಗೇ ಒಂದು ತಪ್ಪು ಅಂಕಿ ಒತ್ತಿಸಿ ನೋಡಿ. ಕಂಪ್ಯೂಟರ್ ಮಾತಿಲ್ಲದೆ ತೆಗೆದುಕೊಂಡರೆ, ಮೊದಲು ಆ ಬಾಗಿಲನ್ನು ಭದ್ರಪಡಿಸಿ. ಆಳುಗಳನ್ನು ವಿಚಾರಿಸುವುದು ಆಮೇಲಿನ ಮಾತು.