ಹೆರಿಗೆ ಮನೆಯಲ್ಲೇ ಆಗಲಿ ಎನ್ನುವ ಮುನ್ನ

ಮಂಗಳೂರಿನಲ್ಲಿ ಹೆರಿಗೆಗೆ ಆಸ್ಪತ್ರೆಯಿಲ್ಲ ಎಂದು ಯಾರೂ ಹೇಳುವಂತಿಲ್ಲ. ಹಂಪನಕಟ್ಟೆಯಲ್ಲಿ ಸರಕಾರಿ ಲೇಡಿಗೋಷನ್ ಇದೆ. ಗಡಿಯಾಚೆಯ ಕಾಸರಗೋಡಿನಿಂದಲೂ ಕಷ್ಟದ ಹೆರಿಗೆಗಳು ಅಲ್ಲಿಗೆ ಬರುತ್ತವೆ. 1880ರಲ್ಲಿ ಕಂಕನಾಡಿಯಲ್ಲಿ ಶುರುವಾದ ಫಾದರ್ ಮುಲ್ಲರ್ ಸಂಸ್ಥೆಯಿಂದ ಹಿಡಿದು ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳ ತನಕ ಬೇಕಾದಷ್ಟು ಹೆರಿಗೆ ಕೋಣೆಗಳಿವೆ. ಇಂಥ ಊರಿನಲ್ಲಿ, ಓದಿ ಕೆಲಸದಲ್ಲಿರುವ ಹೆಣ್ಣುಮಕ್ಕಳು ಎಂಟು ತಿಂಗಳು ತುಂಬಿದ ಮೇಲೆ "ಮನೆಯಲ್ಲೇ ಹೆತ್ತರೆ ಆಗದಾ?" ಎಂದು ಕೇಳುವುದನ್ನು ನಾನು ಕೇಳಿದ್ದೇನೆ. ಈ ಪ್ರಶ್ನೆಯನ್ನು ಮೊಬೈಲು ಹತ್ತಿಸಿದ ಹುಚ್ಚು ಎಂದು ತಳ್ಳಿಹಾಕಬಾರದು. ಆದರೆ ಇವತ್ತಿನ ಮಂಗಳೂರಿನಲ್ಲಿ ಅದಕ್ಕೆ ಕೊಡಬೇಕಾದ ಉತ್ತರ "ಬೇಡ" ಎಂಬುದೇ.

ಈ ಪ್ರಶ್ನೆ ಕೊನೆಯ ತಿಂಗಳಲ್ಲಿ ಹುಟ್ಟುವುದಕ್ಕೆ ಕಾರಣವಿದೆ. ಏಳು ತಿಂಗಳವರೆಗೆ "ಎಲ್ಲ ಸರಿಯಿದೆ" ಎನ್ನುತ್ತಿದ್ದ ತಪಾಸಣೆಯ ದನಿ ಒಮ್ಮೆಲೇ ಬದಲಾಗುತ್ತದೆ. ನೀರು ಕಮ್ಮಿ, ಮಗು ದೊಡ್ಡದು, ಕೊರಳಿಗೆ ಬಳ್ಳಿ ಸುತ್ತಿದೆ ಎಂಬ ಮಾತುಗಳು ಬರುತ್ತವೆ. ಹೊರಗೆ ಮೂವತ್ತು ಮಂದಿ ಟೋಕನ್ ಹಿಡಿದು ಕೂತಿರುವಾಗ ವಿವರ ಕೇಳಲು ಧೈರ್ಯವಾಗುವುದಿಲ್ಲ. ಸಿಸೇರಿಯನ್‌ಗೆ ದಿನ ಗೊತ್ತುಮಾಡಿದ ಚೀಟಿ ಹಿಡಿದು ಮನೆಗೆ ಬಂದವಳಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಅವಳ ಸಂಶಯ ಬುಡವಿಲ್ಲದ್ದೂ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2015-16ರಲ್ಲಿ ನೂರಕ್ಕೆ 23.6ರಷ್ಟಿದ್ದ ಸಿಸೇರಿಯನ್ ಹೆರಿಗೆ 2019-21ರ ಹೊತ್ತಿಗೆ 31.5ಕ್ಕೆ ಏರಿದೆ. ದೇಶದ ಖಾಸಗಿ ಆಸ್ಪತ್ರೆಗಳಲ್ಲಂತೂ ಅದು 47.4. ಇಷ್ಟೂ ಹೊಟ್ಟೆಗಳನ್ನು ಕೊಯ್ಯಲೇಬೇಕಿತ್ತು ಎಂದು ನಂಬುವುದು ಕಷ್ಟ.

ಇದರ ಜೊತೆಗೆ ಹೆರಿಗೆ ಕೋಣೆಯ ಭಯ. ಅಮ್ಮನನ್ನೋ ಗಂಡನನ್ನೋ ಬಾಗಿಲಲ್ಲೇ ನಿಲ್ಲಿಸುತ್ತಾರೆ. ನೋವಿನಲ್ಲಿ ಎದ್ದು ಓಡಾಡಬೇಕೆನಿಸಿದರೂ ಅಂಗಾತ ಮಲಗಿಸುತ್ತಾರೆ. ಕಿರುಚಿದರೆ ಗದರುತ್ತಾರೆ. ಹೆತ್ತವರ ಬಾಯಲ್ಲಿ ಈ ಮಾತು ಕೇಳಿದ ಹುಡುಗಿಗೆ ತವರಿನ ಕೋಣೆ, ಅಮ್ಮನ ಕೈ, ಬಚ್ಚಲ ಹಂಡೆಯ ಬಿಸಿನೀರು ನೆನಪಾಗದೆ ಇನ್ನೇನು? ಅವಳು ಬಯಸುತ್ತಿರುವುದು ಮರ್ಯಾದೆ ಮತ್ತು ಜೊತೆ. ಆ ಬಯಕೆಯಲ್ಲಿ ತಪ್ಪೇನೂ ಇಲ್ಲ.

ಮನೆ ಹೆರಿಗೆಯ ಪರ ಮಾತಾಡುವಾಗ ಸೂಲಗಿತ್ತಿ ನರಸಮ್ಮನವರ ಹೆಸರು ಬಂದೇ ಬರುತ್ತದೆ. ಪಾವಗಡ ತಾಲೂಕಿನ ಕೃಷ್ಣಾಪುರದ ಆ ತಾಯಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅವರಿಗೆ ಕೈಮುಗಿಯೋಣ. ಆದರೆ ಅವರು ಕೆಲಸ ಶುರುಮಾಡಿದ್ದು ವೈದ್ಯರು ಕೈಗೆಟುಕದ ಹಳ್ಳಿಗಳಲ್ಲಿ. ಎಪ್ಪತ್ತು ವರ್ಷ ಪಳಗಿದ ಅಂಥ ಕೈಗಳು ಇಂದು ನಮ್ಮ ಊರಿನ ಫ್ಲ್ಯಾಟುಗಳಲ್ಲಿ ಸಿಗುವುದಿಲ್ಲ. ಅಜ್ಜಿಯಂದಿರ ಕಾಲದಲ್ಲಿ ಹತ್ತು ಹೆತ್ತವರ ಕತೆ ಉಳಿಯಿತು, ಹೆರಿಗೆಯಲ್ಲೇ ಹೋದವರ ಕತೆ ಹೇಳಲು ಅವರು ಇರಲಿಲ್ಲ. 2005-06ರಲ್ಲಿ ರಾಜ್ಯದ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 65 ಆಸ್ಪತ್ರೆಗಳಲ್ಲಿ ಆಗುತ್ತಿದ್ದವು; 2019-21ಕ್ಕೆ ಅದು 97ಕ್ಕೆ ಮುಟ್ಟಿತು. ಒಂದು ಲಕ್ಷ ಜೀವಂತ ಜನನಕ್ಕೆ ಸಾಯುವ ತಾಯಂದಿರ ಸಂಖ್ಯೆ 2018-20ರ ಲೆಕ್ಕದಲ್ಲಿ 69ಕ್ಕೆ ಇಳಿದಿದೆ. ಆಶಾ ಕಾರ್ಯಕರ್ತೆಯರು ಮನೆ ಮನೆ ಅಲೆದು ಗಳಿಸಿಕೊಟ್ಟ ಲಾಭ ಇದು.

ಅಪಾಯ ಎಲ್ಲಿದೆ ಎಂಬುದನ್ನು ಬಿಡಿಸಿ ಹೇಳಬೇಕು. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಗು ಹೊರಬಂದು ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಕುಗ್ಗದಿದ್ದರೆ ತಾಯಿಯ ಜೀವಕ್ಕೆ ಉಳಿಯುವುದು ಕೆಲವೇ ಗಂಟೆಗಳು, ಕೆಲವೊಮ್ಮೆ ಅದಕ್ಕಿಂತಲೂ ಕಮ್ಮಿ. ಒಂಬತ್ತು ತಿಂಗಳು ಒಂದು ತೊಂದರೆಯೂ ಇಲ್ಲದವಳಿಗೂ ಹೀಗಾಗಬಹುದು. ಇನ್ನು ಹತ್ತು ಶಿಶುಗಳಲ್ಲಿ ಒಂದಕ್ಕೆ ಮೊದಲ ಉಸಿರಿಗೆ ಯಾರಾದರೂ ನೆರವಾಗಬೇಕು, ಅದೂ ಹುಟ್ಟಿದ ಮೊದಲ ನಿಮಿಷದಲ್ಲಿ. 2018ರ ಜುಲೈಯಲ್ಲಿ ತಿರುಪ್ಪೂರಿನಲ್ಲಿ ಯೂಟ್ಯೂಬ್ ನೋಡಿ ಮನೆಯಲ್ಲೇ ಹೆತ್ತ ತಾಯಿ ರಕ್ತಸ್ರಾವದಿಂದ ತೀರಿಕೊಂಡಳು. 2025ರ ಏಪ್ರಿಲ್‌ನಲ್ಲಿ ಕೇರಳದ ಮಲಪ್ಪುರಂನಲ್ಲಿ ಐದನೇ ಮಗುವನ್ನು ಮನೆಯಲ್ಲಿ ಹೆತ್ತ ತಾಯಿಗೂ ಅದೇ ಗತಿಯಾಯಿತು. ಇಬ್ಬರಿಗೂ ಅದು ಚೊಚ್ಚಲ ಹೆರಿಗೆಯಲ್ಲ.

"ಇಂಗ್ಲೆಂಡಿನಲ್ಲಿ ಮನೆಯಲ್ಲೇ ಹೆರುತ್ತಾರಲ್ಲ" ಎನ್ನುವವರಿದ್ದಾರೆ. ನಿಜ. ಅಲ್ಲಿ 64,000ಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಮೊದಲೇ ಹೆತ್ತ, ತೊಂದರೆಯಿಲ್ಲದ ತಾಯಂದಿರ ಮಕ್ಕಳಿಗೆ ಮನೆಯಲ್ಲಿ ಹೆಚ್ಚಿನ ಅಪಾಯ ಕಾಣಲಿಲ್ಲ. ಚೊಚ್ಚಲ ಹೆರಿಗೆಯಲ್ಲಿ ಮಾತ್ರ ಮಗುವಿಗೆ ಗಂಭೀರ ತೊಂದರೆ ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3 ಇದ್ದುದು ಮನೆಯಲ್ಲಿ 9.3 ಆಯಿತು, ಮನೆಯಲ್ಲೇ ಹೆರಲು ಹೊರಟ ಚೊಚ್ಚಲ ಬಸುರಿಯರಲ್ಲಿ ನೂರಕ್ಕೆ 45 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಲ್ಲಿ ಮನೆಗೆ ಬರುವುದು ವರ್ಷಗಟ್ಟಲೆ ಓದಿ ಪಳಗಿದ ಸೂಲಗಿತ್ತಿ. ಅವಳ ಕೈಯಲ್ಲಿ ಮದ್ದು ಇರುತ್ತದೆ, ಫೋನಿನ ಆಚೆ ಕಾದಿರುವ ಆಸ್ಪತ್ರೆ ಇರುತ್ತದೆ. ನಮ್ಮಲ್ಲಿ ಆ ಏರ್ಪಾಡು ಇಲ್ಲ. ಆಷಾಢದ ಮಳೆಗೆ ಪಂಪ್‌ವೆಲ್‌ನಲ್ಲಿ ನೀರು ನಿಂತ ಸಂಜೆ, ನಂತೂರಿನಲ್ಲಿ ಲಾರಿಗಳ ಸಾಲಿನ ನಡುವೆ 108 ಎಷ್ಟು ಹೊತ್ತಿಗೆ ಬಂದೀತು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಕೊನೆಯ ಗಳಿಗೆಯ ನಿರ್ಧಾರಕ್ಕೆ ಇನ್ನೊಂದು ಕೇಡಿದೆ. ರಕ್ತದೊತ್ತಡ ಏರುವುದು, ಕಾಲು ಮುಖ ಊದುವುದು ಬಹಳ ಸಲ ಈ ಕೊನೆಯ ವಾರಗಳಲ್ಲೇ. ವೈದ್ಯರ ಮೇಲೆ ಮುನಿಸಿಕೊಂಡು ತಪಾಸಣೆ ಬಿಟ್ಟರೆ ಆ ಸೂಚನೆ ಯಾರಿಗೂ ಸಿಗುವುದಿಲ್ಲ. ಮುನಿಸು ಬಂದಾಗ ಇನ್ನೊಬ್ಬ ವೈದ್ಯರ ಬಳಿ ಹೋಗಿ. ಇಷ್ಟು ಆಸ್ಪತ್ರೆಗಳಿರುವ ಊರಿನಲ್ಲಿ ಅದು ಅರ್ಧ ದಿನದ ಕೆಲಸ. ತಾಯಿ ಕಾರ್ಡನ್ನೂ ಸ್ಕ್ಯಾನಿಂಗ್ ವರದಿಯನ್ನೂ ಮುಂದಿಟ್ಟು ಕೇಳಿ: ಸಿಸೇರಿಯನ್ ಯಾಕೆ ಬೇಕು? ಎರಡು ದಿನ ಕಾದರೆ ಏನಾಗುತ್ತದೆ? ಕೊರಳಿಗೆ ಬಳ್ಳಿ ಸುತ್ತಿರುವುದೊಂದೇ ಕಾರಣವಾದರೆ, ಐದರಲ್ಲಿ ಒಂದು ಮಗುವಿಗಾದರೂ ಹಾಗಿರುತ್ತದೆ, ಅವುಗಳಲ್ಲಿ ಹೆಚ್ಚಿನವು ಸಹಜವಾಗಿಯೇ ಹುಟ್ಟುತ್ತವೆ ಎಂಬುದು ನಿಮಗೆ ಗೊತ್ತಿರಲಿ. ನೋವಿನ ಹೊತ್ತಿಗೆ ಜೊತೆಗೊಬ್ಬ ಹೆಂಗಸು ಇರಲು ಸರಕಾರಿ ಆಸ್ಪತ್ರೆಗಳಲ್ಲಿ ಕೇಂದ್ರ ಸರಕಾರ 2016ರಲ್ಲೇ ಅನುಮತಿ ಕೊಟ್ಟಿದೆ. ಇಷ್ಟವಾದ ಭಂಗಿಯಲ್ಲಿ ಹೆರಲು ಬಿಡಿ, ಎಲ್ಲರಿಗೂ ಕೊಯ್ದು ಹೊಲಿಗೆ ಹಾಕಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಏಳನೇ ತಿಂಗಳಲ್ಲೇ ಈ ಮಾತು ಎತ್ತಿ; ನೋವು ಶುರುವಾದ ಮೇಲೆ ವಾದಿಸಲು ಯಾರಿಗೂ ತ್ರಾಣ ಇರುವುದಿಲ್ಲ.

ಆಸ್ಪತ್ರೆಗಳಿಗೂ ಒಂದು ಮಾತು. ಆಸ್ಪತ್ರೆಗೆ ಹೆದರಿ ಮನೆಯಲ್ಲಿ ಹೆರಲು ಹೊರಟವಳನ್ನು ಬೈದು ಪ್ರಯೋಜನವಿಲ್ಲ, ಆ ಹೆದರಿಕೆಯನ್ನು ಕಳೆಯಬೇಕಾದವರು ನೀವು. ದಾದಿಯರಿಗೆ 18 ತಿಂಗಳ ತರಬೇತಿ ಕೊಟ್ಟು ಸಹಜ ಹೆರಿಗೆಯ ಹೊಣೆಯನ್ನು ಅವರಿಗೇ ವಹಿಸುವ ಯೋಜನೆಯನ್ನು ಕೇಂದ್ರ ಸರಕಾರ 2018ರಲ್ಲೇ ರೂಪಿಸಿದೆ. ಇಷ್ಟೊಂದು ನರ್ಸಿಂಗ್ ಕಾಲೇಜುಗಳಿರುವ ಮಂಗಳೂರು ಇದರಲ್ಲಿ ರಾಜ್ಯಕ್ಕೇ ಮುಂದಾಗಬೇಕು. ಪ್ರತಿ ಆಸ್ಪತ್ರೆಯೂ ತನ್ನಲ್ಲಾದ ಹೆರಿಗೆಗಳೆಷ್ಟು, ಅವುಗಳಲ್ಲಿ ಸಿಸೇರಿಯನ್ ಎಷ್ಟು ಎಂದು ತಿಂಗಳು ತಿಂಗಳು ಬಾಗಿಲಲ್ಲಿ ಬರೆದು ಹಾಕಲಿ. ಅಮ್ಮನನ್ನು ಒಳಗೆ ಬಿಡಲಿ, ಗದರುವ ನಾಲಿಗೆಗೆ ಕಡಿವಾಣ ಹಾಕಲಿ. ಇವೆಲ್ಲ ಆಗುವ ತನಕ ಗರ್ಭಿಣಿಯರು ಸುಮ್ಮನಿರಬೇಕಿಲ್ಲ; ಆಸ್ಪತ್ರೆಗೆ ಹೋಗಲಿ, ಹೋಗಿ ತಮ್ಮ ಹಕ್ಕನ್ನು ಕೇಳಿ ಪಡೆಯಲಿ.