ಒಲೆಯ ಮುಂದೆ ಕುಳಿತವಳೇ ಅಪರಾಧಿಯೆ?



ಕಳೆದ ತಿಂಗಳು ತಾಂಜಾನಿಯಾದ ದಾರ್ ಎಸ್ ಸಲಾಮ್ ನಗರದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿಯಲ್ಲಿ ಮಾತನಾಡಿದನು. ಮಾತು ಅಡುಗೆಯ ಕಡೆಗೆ ತಿರುಗಿತು. "ಸಾರ್, ನಮ್ಮ ಮನೆಯಲ್ಲಿ ಗ್ಯಾಸ್ ಇದೆ. ಆದರೆ ಮನೆಗೆಲಸಕ್ಕೆ ಬರುವ ಅಮ್ಮ ಸಂಜೆ ಹೋಗುವಾಗ ಒಂದು ಡಬ್ಬಿ ಇದ್ದಿಲು ಕೊಂಡು ಹೋಗುತ್ತಾರೆ. ಅಂದಿನ ಅಡುಗೆಗೆ ಅಷ್ಟೇ" ಎಂದನು. ಆ ಮಾತು ನನ್ನನ್ನು ಮೂವತ್ತು ವರ್ಷ ಹಿಂದಕ್ಕೆ ಕರೆದೊಯ್ದಿತು.

ಒಂಬತ್ತನೆಯ ತರಗತಿಯಲ್ಲಿ ಅರಣ್ಯನಾಶದ ಪಾಠ ಮಾಡುತ್ತಿದ್ದೆ. "ಆಫ್ರಿಕದ ಬಡಜನರು ಅಜ್ಞಾನದಿಂದ ಸೌದೆಗಾಗಿ ಕಾಡನ್ನು ಕಡಿಯುತ್ತಾರೆ" ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಹಾಗಾದರೆ ಅವರು ಯಾವುದರಲ್ಲಿ ಅಡುಗೆ ಮಾಡಬೇಕು ಸಾರ್?" ಎಂದು ಕೇಳಿದಳು. ಪಾಠ ಮುಗಿಸುವ ಅವಸರದಲ್ಲಿ ನಾನು ಅವಳನ್ನು ಗದರಿಸಿ ಕೂರಿಸಿದೆ. ಸೌದೆ ಒಲೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ನನ್ನನ್ನು ಸಾಕಿದ ತಾಯಿಯ ಮಗನಾಗಿ ನಾನು ಆಡಬಾರದಿದ್ದ ಮಾತದು. ಆ ಪ್ರಶ್ನೆಗೆ ಇಂದು ಉತ್ತರಿಸಲು ಪ್ರಯತ್ನಿಸುತ್ತೇನೆ.

ಮೊದಲು ನಷ್ಟದ ಲೆಕ್ಕ ನೋಡೋಣ. ತಾಂಜಾನಿಯಾ, ಜಾಂಬಿಯಾ, ಮೊಜಾಂಬಿಕ್, ಮಲಾವಿ ಮೊದಲಾದ ದೇಶಗಳಲ್ಲಿ ಹರಡಿರುವ ಒಣ ಕಾಡಿಗೆ 'ಮಿಯೊಂಬೊ' ಎಂದು ಹೆಸರು. ಅಲ್ಲಿ ಮರದ ತುಂಡುಗಳನ್ನು ಒಟ್ಟಿ, ಹುಲ್ಲು ಮತ್ತು ಮಣ್ಣು ಮುಚ್ಚಿ, ಗಾಳಿಯಾಡದಂತೆ ದಿನಗಟ್ಟಲೆ ಸುಟ್ಟು ಇದ್ದಿಲು ಮಾಡುತ್ತಾರೆ. ಇಂಥ ಮಣ್ಣಿನ ಭಟ್ಟಿಯಲ್ಲಿ ಒಂದು ಕಿಲೋ ಇದ್ದಿಲಿಗೆ ಐದಾರು ಕಿಲೋ ಮರ ಬೇಕು. ಕೆಲಸ ಕೆಟ್ಟರೆ ಎಂಟು ಹತ್ತು ಕಿಲೋ. ಐವತ್ತು ಕಿಲೋ ಮೂಟೆಗೆ 300 ಕಿಲೋ ಒಣಮರ ಎಂದಿಟ್ಟುಕೊಳ್ಳಿ. ಒಣಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲ, ಅಂದರೆ 150 ಕಿಲೋ. ಅದೆಲ್ಲವೂ ಕೊನೆಗೆ ಇಂಗಾಲದ ಡೈಆಕ್ಸೈಡ್ ಆದರೆ, 44ರಿಂದ ಗುಣಿಸಿ 12ರಿಂದ ಭಾಗಿಸಿದಾಗ ಬರುವುದು 550 ಕಿಲೋ. ಅದರಲ್ಲಿ ಬಹುಪಾಲು, ಒಲೆ ಹೊತ್ತುವುದಕ್ಕೆ ಮೊದಲೇ, ಭಟ್ಟಿಯ ಹೊಗೆಯಲ್ಲಿಯೇ ಹೋಗಿರುತ್ತದೆ.

ಮಿಯೊಂಬೊದ ಮರಗಳಿಗೆ ಕಡಿದ ಬುಡದಿಂದ ಮತ್ತೆ ಚಿಗುರುವ ಗುಣವಿದೆ. ಕೆಲವು ದಶಕ ಹಾಗೆಯೇ ಬಿಟ್ಟರೆ ಕಾಡು ತನ್ನ ಇಂಗಾಲವನ್ನು ಮರಳಿ ಗಳಿಸಿಕೊಳ್ಳುತ್ತದೆ. ಆದರೆ ಹಾಗೆ ಬಿಡುವವರಾರು? ಮರ ಕಡಿದ ನೆಲದಲ್ಲಿ ಹೊಲ ಏಳುತ್ತದೆ, ಬೆಂಕಿ ಬೀಳುತ್ತದೆ, ದನಕರು ಮೇಯುತ್ತವೆ. ದಾರ್ ಎಸ್ ಸಲಾಮ್ ಸುತ್ತಲಿನ ಕಾಡುಗಳ ಬಗ್ಗೆ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನವು, 1991ರಿಂದ 2005ರವರೆಗೆ ಕಾಡಿನ ಕ್ಷಯವು ನಗರದಿಂದ ಹೊರಕ್ಕೆ ಅಲೆ ಅಲೆಯಾಗಿ ಹಬ್ಬಿದುದನ್ನು ತೋರಿಸಿತು. ಮೊದಲು ಬೆಲೆಬಾಳುವ ನಾಟಾ, ಬಳಿಕ ಮಧ್ಯಮ ದರ್ಜೆಯ ಮರ, ಕೊನೆಗೆ ಇದ್ದಿಲಿಗೆ ಉಳಿದುದೆಲ್ಲ. ಮುಂಚೂಣಿಯ ಅಲೆ ವರ್ಷಕ್ಕೆ 9 ಕಿಲೋಮೀಟರ್‌ವರೆಗೂ ಸಾಗಿತ್ತು. ಗಮನಿಸಿ, ಮೊದಲ ಕೊಡಲಿ ಬಿದ್ದುದು ನಾಟಾಕ್ಕಾಗಿ, ಒಲೆಗಾಗಿ ಅಲ್ಲ.

ಹಾಗೆಂದು ಇದ್ದಿಲು ನಿರ್ದೋಷಿಯೆಂದು ನಾನು ಹೇಳಲಾರೆ. ಕಾಂಗೋದ ವಿರುಂಗಾ ರಾಷ್ಟ್ರೀಯ ಉದ್ಯಾನದಲ್ಲಿ 2007ರಲ್ಲಿ ನಡೆದ ಗೊರಿಲ್ಲಾಗಳ ಹತ್ಯೆಯ ಹಿಂದೆ ಇದ್ದಿಲು ದಂಧೆಯ ನೆರಳಿತ್ತು. ಸೋಮಾಲಿಯಾದಲ್ಲಿ ಇದ್ದಿಲಿನ ಹಣ ಬಂದೂಕುಗಳಿಗೆ ಹೋಗುತ್ತಿದ್ದುದರಿಂದ 2012ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅದರ ರಫ್ತನ್ನು ನಿಷೇಧಿಸಿತು.

ರಫ್ತಿನ ನಿಷೇಧದ ಮಾತು ಬೇರೆ, ಊರೊಳಗಿನ ಒಲೆಯ ನಿಷೇಧ ಬೇರೆ. 2009ರ ಆರಂಭದಲ್ಲಿ ಚಾಡ್ ದೇಶದ ಸರ್ಕಾರ ಇದ್ದಿಲನ್ನು ನಿಷೇಧಿಸಿದಾಗ, ಬದಲಿ ಇಂಧನ ಸಿಗದೆ ರಾಜಧಾನಿಯ ಜನ ಮನೆಯ ಪೀಠೋಪಕರಣಗಳನ್ನು ಒಡೆದು ಒಲೆಗೆ ಹಾಕಿದರು. ಬೇಯಿಸದೆ ಉಣ್ಣಲಾಗದವರಿಗೆ ಕಾನೂನು ಹೇಳಿ ಏನು ಫಲ?

ಅವರಲ್ಲಿರುವುದು ಅಜ್ಞಾನವಲ್ಲ, ಲೆಕ್ಕಾಚಾರ. ಸಿಲಿಂಡರಿಗೆ ಒಮ್ಮೆಲೇ ದೊಡ್ಡ ಮೊತ್ತ ಬೇಕು. ಇದ್ದಿಲಿಗೆ ಅಂದಿನ ಕೂಲಿಯ ಚಿಲ್ಲರೆ ಸಾಕು. ನಮ್ಮಲ್ಲಿಯೂ ಗ್ಯಾಸ್ ಸಂಪರ್ಕ ಪಡೆದ ಬಳಿಕ ಮರುಪೂರಣಕ್ಕೆ ಹಣ ಹೊಂದದೆ ಸೌದೆಗೆ ಮರಳಿದ ಮನೆಗಳನ್ನು ನಾನು ಕಂಡಿದ್ದೇನೆ. ಆಫ್ರಿಕದವರತ್ತ ಬೆರಳು ತೋರುವ ಮುನ್ನ ಇನ್ನೊಂದು ಮಾತು. ಉಷ್ಣವಲಯದಲ್ಲಿ ಕಡಿಯುವ ಸೌದೆಯಲ್ಲಿ ಶೇಕಡಾ 27ರಿಂದ 34ರಷ್ಟು ಮಾತ್ರ ಕಾಡು ಮತ್ತೆ ತುಂಬಿಕೊಡಲಾಗದ ಪ್ರಮಾಣದ್ದು ಎಂದು 2015ರ ಅಧ್ಯಯನವೊಂದು ಅಂದಾಜಿಸಿತು. ಅತಿ ಹೆಚ್ಚು ಸವೆತದ ಪ್ರದೇಶಗಳೆಂದು ಅದು ಗುರುತಿಸಿದ್ದು ಪೂರ್ವ ಆಫ್ರಿಕವನ್ನಷ್ಟೇ ಅಲ್ಲ, ನಮ್ಮ ದಕ್ಷಿಣ ಏಷ್ಯಾವನ್ನೂ ಕೂಡ.

ಹಾಗಾದರೆ ಮಾಡಬೇಕಾದುದೇನು? ಕೀನ್ಯಾದ ಮಣ್ಣೊಳಪದರದ 'ಜಿಕೋ' ಅಗ್ಗಿಷ್ಟಿಕೆ 1980ರ ದಶಕದಿಂದಲೇ ಇದ್ದಿಲನ್ನು ಉಳಿಸುತ್ತ ಬಂದಿದೆ. ಭಟ್ಟಿಗಳನ್ನು ಸುಧಾರಿಸಬೇಕು. ಕಾಡಿನ ಮೇಲೆ ಹಳ್ಳಿಯವರಿಗೆ ಹಕ್ಕು ಕೊಟ್ಟು, ಸರದಿಯಂತೆ ಕಡಿದು ಚಿಗುರಲು ಬಿಡುವ ವ್ಯವಸ್ಥೆ ಬರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನಗರದ ಬಡವರಿಗೆ ದಿನಗೂಲಿಗೆ ಎಟಕುವ ಕಂತಿನಲ್ಲಿ ಗ್ಯಾಸೋ ವಿದ್ಯುತ್ತೋ ದೊರೆಯಬೇಕು. ತಾಂಜಾನಿಯಾ ಸರ್ಕಾರ 2034ರೊಳಗೆ ಶೇಕಡಾ 80ರಷ್ಟು ಜನರಿಗೆ ಶುದ್ಧ ಇಂಧನ ತಲುಪಿಸುವ ಗುರಿ ಇಟ್ಟುಕೊಂಡಿದೆ. 2024ರ ಮೇ ತಿಂಗಳಲ್ಲಿ ಪ್ಯಾರಿಸ್ ಸಭೆಯಲ್ಲಿ ಆಫ್ರಿಕದ ಅಡುಗೆ ಇಂಧನಕ್ಕಾಗಿ 220 ಕೋಟಿ ಡಾಲರ್ ವಾಗ್ದಾನವಾಗಿದೆ. ವಾಗ್ದಾನ ಒಲೆಯವರೆಗೆ ತಲುಪಬೇಕು. ವಾತಾವರಣಕ್ಕೆ ಹೆಚ್ಚು ಇಂಗಾಲ ತುಂಬಿದ ಶ್ರೀಮಂತ ದೇಶಗಳು ಇದನ್ನು ದಾನವೆಂದಲ್ಲ, ಋಣವೆಂದು ಸಲ್ಲಿಸಬೇಕೆಂಬುದು ನನ್ನ ಅಭಿಪ್ರಾಯ.

ಅಂದು ಪ್ರಶ್ನೆ ಕೇಳಿದ ಆ ಹುಡುಗಿ ಈಗ ನಲವತ್ತು ದಾಟಿದ ಗೃಹಿಣಿಯೋ ಅಧಿಕಾರಿಯೋ ಆಗಿರಬಹುದು. ಅಮ್ಮಾ, ನೀನು ಇದನ್ನು ಓದುತ್ತಿದ್ದರೆ ಈ ಮೇಷ್ಟರನ್ನು ಕ್ಷಮಿಸು. ನಿನ್ನ ಪ್ರಶ್ನೆ ಸರಿಯಾಗಿತ್ತು. ನಿಮ್ಮಲ್ಲಿ ಯಾರಾದರೂ ಈಗ ಪಾಠ ಹೇಳುವ ವೃತ್ತಿಯಲ್ಲಿದ್ದರೆ, ನಾನು ಹಲಗೆಯ ಮೇಲೆ ಬರೆದ ಆ ವಾಕ್ಯದಿಂದ 'ಅಜ್ಞಾನದಿಂದ' ಎಂಬ ಪದವನ್ನು ದಯವಿಟ್ಟು ಅಳಿಸಿಬಿಡಿ.